ಹಳೆಯ ಡೆಸ್ಕ್‌ಟಾಪ್‌ನಲ್ಲಿ ಡೆಬಿಯನ್ 12: ಇನ್‌ಸ್ಟಾಲ್ ಮುಗಿಯುತ್ತದೆ, ಬೂಟ್ ಆಗುವುದಿಲ್ಲ

ನಿವೃತ್ತ_ಗಣಿತ · ಭಾನುವಾರ ಸಂಜೆ

ನಮಸ್ಕಾರ. ತೀರ್ಥಹಳ್ಳಿಯ ಹತ್ತಿರದ ಒಂದು ಹಳ್ಳಿಯಿಂದ ಬರೆಯುತ್ತಿದ್ದೇನೆ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದ್ದೇನೆ, ಕಂಪ್ಯೂಟರ್ ಕಲಿಸಿಲ್ಲ. ದತ್ತ ಕೊಡದೆ ಸಾಧಿಸಿ ಎಂದರೆ ಯಾರಿಗೂ ಆಗದು ಎಂಬುದು ಗೊತ್ತಿರುವುದರಿಂದ ಪ್ರಶ್ನೆ ಉದ್ದವಾಗಿದೆ. ಸಹಿಸಿಕೊಳ್ಳಿ.

ದತ್ತ: ಮಗಳು ಇಂಜಿನಿಯರಿಂಗ್ ಸೇರಿದ ವರ್ಷ, 2009ರಲ್ಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಕೊಂಡು ಜೋಡಿಸಿಕೊಂಡ ಡೆಸ್ಕ್‌ಟಾಪ್. ಪೆಂಟಿಯಂ ಡ್ಯುಯಲ್ ಕೋರ್ ಇ5300, 2.6 ಗಿಗಾಹರ್ಟ್ಸ್. ಜಿ31 ಚಿಪ್‌ಸೆಟ್‌ನ ಮದರ್‌ಬೋರ್ಡ್. 2 ಜಿಬಿ ಡಿಡಿಆರ್2 ಮೆಮೊರಿ. 320 ಜಿಬಿ ಹಾರ್ಡ್ ಡಿಸ್ಕ್‌ನಲ್ಲಿ ವಿಂಡೋಸ್ ಎಕ್ಸ್‌ಪಿ ಇನ್ನೂ ಉಸಿರಾಡುತ್ತಿದೆ. ಆದರೆ ಅದನ್ನು ಇಂಟರ್ನೆಟ್‌ಗೆ ಜೋಡಿಸಬಾರದೆಂದು ಮಗಳ ಕಟ್ಟಪ್ಪಣೆ.

ಉದ್ದೇಶ ದೊಡ್ಡದಲ್ಲ. ನಮ್ಮ ಅತ್ತೆಯವರು ಬರೆದಿಟ್ಟ ಮದುವೆ ಹಾಡುಗಳ ಹನ್ನೊಂದು ನೋಟ್‌ಪುಸ್ತಕಗಳಿವೆ. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಗರನ್ನು ಹಾಸ್ಯ ಮಾಡುವ ಹಾಡು. ಅವನ್ನು ಟೈಪ್ ಮಾಡಬೇಕು. ಅಷ್ಟಕ್ಕೆ ಹೊಸ ಕಂಪ್ಯೂಟರ್ ಏಕೆ ಎಂದು 240 ಜಿಬಿಯ ಎಸ್‌ಎಸ್‌ಡಿ ಮಾತ್ರ ತರಿಸಿದೆ. ಅಕ್ಕನ ಮಗ ಅದನ್ನು ತನ್ನ ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಕವಚದ ಮೂಲಕ ಜೋಡಿಸಿ, ಜಿಪಿಟಿ ಎಂಬ ರೀತಿಯಲ್ಲಿ ಪಾರ್ಟಿಷನ್ ಮಾಡಿ (ಅಂದರೆ ಭಾಗಗಳಾಗಿ ವಿಂಗಡಿಸಿ), ಡೆಬಿಯನ್ 12 (ವಿಂಡೋಸ್‌ನ ಬದಲು ಕಂಪ್ಯೂಟರ್ ನಡೆಸುವ ಲಿನಕ್ಸ್ ತಂತ್ರಾಂಶ) ಇರುವ ಪೆನ್‌ಡ್ರೈವ್ ಜೊತೆಗಿಟ್ಟು, "ಇನ್ನು ನೀವೇ ಮಾಡಿಕೊಳ್ಳಬಹುದು ಚಿಕ್ಕಮ್ಮ" ಎಂದು ಹೊರಟುಹೋದ.

ಮಾಡಿಕೊಂಡೆ. ಇನ್‌ಸ್ಟಾಲ್ ಮಾಡುವ ಪರದೆಗಳಲ್ಲಿ ಕನ್ನಡವೂ ಇದೆ ಎಂದು ತಿಳಿದು ಆಶ್ಚರ್ಯವಾಯಿತು (ಚಿತ್ರಸಹಿತ ವಿಧಾನದಲ್ಲಿ ಮಾತ್ರ, ಬರೀ ಅಕ್ಷರದ ವಿಧಾನದ ಪಟ್ಟಿಯಲ್ಲಿ ಕನ್ನಡ ಕಾಣಲಿಲ್ಲ). ಪಾರ್ಟಿಷನ್‌ಗಳನ್ನು ಹುಡುಗ ಮಾಡಿಟ್ಟಂತೆಯೇ ಉಳಿಸಿಕೊಂಡೆ. ಕೊನೆಯಲ್ಲಿ ಗ್ರಬ್ (ಡೆಬಿಯನ್ ಅನ್ನು ಎಬ್ಬಿಸುವ ಪುಟ್ಟ ತಂತ್ರಾಂಶ) ಹಾಕುವಾಗ ಕೆಂಪು ಪರದೆ ಬಂದಿತು. ಓದಿ ತಿಳಿದುಕೊಂಡೆ: ಜಿಪಿಟಿ ಡಿಸ್ಕ್ ಅನ್ನು ಹಳೆಯ ಬಯೋಸ್‌ನಿಂದ (ಮದರ್‌ಬೋರ್ಡ್‌ನಲ್ಲೇ ಇರುವ, ಯಂತ್ರ ಹಚ್ಚಿದ ಕೂಡಲೇ ಓಡುವ ತಂತ್ರಾಂಶ) ಬೂಟ್ ಮಾಡಬೇಕಾದರೆ ಗ್ರಬ್‌ಗೆಂದು 1 ಎಂಬಿ ಜಾಗವನ್ನು ಮೀಸಲಿಡಬೇಕಂತೆ. ಸ್ವಾಪ್‌ನಿಂದ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಭಾಗ) ಅಷ್ಟನ್ನು ಕತ್ತರಿಸಿ ಮೀಸಲಿಟ್ಟೆ. ಮತ್ತೆ ಇನ್‌ಸ್ಟಾಲ್ ಮಾಡಿದೆ. ಕೆಂಪು ಪರದೆ ಬರಲಿಲ್ಲ. "ಪೂರ್ಣಗೊಂಡಿದೆ" ಎಂದು ಹೇಳಿತು. ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿದರೆ ಕಪ್ಪು ಪರದೆಯಲ್ಲಿ ಇಂಗ್ಲಿಷಿನ ಒಂದೇ ಸಾಲು: ಬೂಟ್ ಮಾಡಬಲ್ಲ ಸಾಧನವಿಲ್ಲ, ಬೂಟ್ ಡಿಸ್ಕ್ ಹಾಕಿ ಯಾವುದಾದರೂ ಕೀಲಿ ಒತ್ತಿ.

ನಾನು ಮಾಡಿ ನೋಡಿದ ಪರೀಕ್ಷೆಗಳು:

ಎಫ್10 ಒತ್ತಿದಾಗ ಬರುವ ಪಟ್ಟಿಯಲ್ಲಿ ಎಸ್‌ಎಸ್‌ಡಿಯ ಹೆಸರು ಕಾಣುತ್ತದೆ. ಆರಿಸಿದರೆ ಅದೇ ಸಾಲು. ಅದೇ ಕೇಬಲ್‌ಗೆ ಹಳೆಯ ಹಾರ್ಡ್ ಡಿಸ್ಕ್ ಜೋಡಿಸಿದರೆ ಎಕ್ಸ್‌ಪಿ ಬರುತ್ತದೆ. ಎಸ್‌ಎಸ್‌ಡಿಯನ್ನು ಹುಡುಗನ ಲ್ಯಾಪ್‌ಟಾಪ್‌ಗೆ ಜೋಡಿಸಿ, ಅದರ ಹಳೆಯ ಬೂಟ್ ವಿಧಾನವನ್ನು ಆರಿಸಿದರೆ ಡೆಬಿಯನ್ ಲಾಗಿನ್ ಪರದೆಯವರೆಗೆ ಸರಾಗವಾಗಿ ಬರುತ್ತದೆ.

ಅಂದರೆ ಬೋರ್ಡ್ ಸರಿ, ಕೇಬಲ್ ಸರಿ, ಎಸ್‌ಎಸ್‌ಡಿ ಸರಿ, ಅದರೊಳಗಿನ ಡೆಬಿಯನ್ ಸರಿ. ಇವೆಲ್ಲ ಒಂದೇ ಡಬ್ಬದಲ್ಲಿ ಕೂಡಿದಾಗ ಮಾತ್ರ ತಪ್ಪು. ಬಿಡಿಯಾಗಿ ಒಳ್ಳೆಯ ಹುಡುಗರು, ಒಂದೇ ಬೆಂಚಿನಲ್ಲಿ ಕೂರಿಸಿದರೆ ಗಲಾಟೆ: ಇಂಥವನ್ನು ಶಾಲೆಯಲ್ಲಿ ಕಂಡಿದ್ದೇನೆ, ಕಂಪ್ಯೂಟರಿನಲ್ಲಿ ಇದೇ ಮೊದಲು.

ಸಾಧನೀಯ: ಎಸ್‌ಎಸ್‌ಡಿ ಇದೇ ಡಬ್ಬದಲ್ಲಿ ಬೂಟ್ ಆಗಬೇಕು.

ಕಪ್ಪುಪರದೆ · ಭಾನುವಾರ ರಾತ್ರಿ

ಸರ್, ಇಷ್ಟು ಹಳೆಯ ಯಂತ್ರಕ್ಕೆ 64 ಬಿಟ್ ಹಾಕಿದ್ದೇ ತಪ್ಪು. 32 ಬಿಟ್ ಆವೃತ್ತಿ ಹಾಕಿ, ಎಲ್ಲ ಸರಿಹೋಗುತ್ತದೆ. ನನ್ನ ಹಳೆಯ ಲ್ಯಾಪ್‌ಟಾಪ್‌ಗೂ ಹಾಗೆಯೇ ಆಗಿತ್ತು.

ನಿವೃತ್ತ_ಗಣಿತ · ಭಾನುವಾರ ರಾತ್ರಿ

ಮೊದಲನೆಯದಾಗಿ, ನಾನು ಸರ್ ಅಲ್ಲ. ಹುಡುಗ "ಚಿಕ್ಕಮ್ಮ" ಎಂದದ್ದನ್ನು ಬರೆದಿದ್ದೇನೆ; ಪ್ರಶ್ನೆ ಪೂರ್ತಿ ಓದದೆ ಉತ್ತರಿಸುವ ಅಭ್ಯಾಸ ಹತ್ತನೇ ತರಗತಿಗೇ ಮುಗಿಯಬೇಕಿತ್ತು. ಎರಡನೆಯದಾಗಿ, 64 ಬಿಟ್ ಈ ಯಂತ್ರಕ್ಕೆ ಆಗದಿದ್ದರೆ ಇನ್‌ಸ್ಟಾಲ್ ಹೇಗೆ ಮುಗಿಯಿತು? ಬೇಸರಿಸಿಕೊಳ್ಳಬೇಡಿ, ನಿಜವಾಗಿಯೂ ಕೇಳುತ್ತಿದ್ದೇನೆ.

ಅರೆಕಾಲಿಕ_ಅಡ್ಮಿನ್ · ಭಾನುವಾರ ರಾತ್ರಿ

ಮೇಡಂ ಹೇಳಿದ್ದು ಸರಿ. ಇ5300ರಲ್ಲಿ 64 ಬಿಟ್ ಸೌಲಭ್ಯವಿದೆ. ಇಲ್ಲದಿದ್ದರೆ ಪೆನ್‌ಡ್ರೈವ್‌ನ ಕರ್ನೆಲ್ಲೇ (ಡೆಬಿಯನ್‌ನ ತಿರುಳು) ಆರಂಭದಲ್ಲಿ ಹಟ ಹಿಡಿದು ನಿಲ್ಲುತ್ತಿತ್ತು, ಇಷ್ಟು ದೂರ ಬರುತ್ತಿರಲಿಲ್ಲ. ಇನ್ನು 32 ಬಿಟ್‌ಗೆ ಹೋಗುವುದು ಮುಂದೆ ದಾರಿಯಿಲ್ಲದ ಓಣಿ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಕೂಡ ಇಲ್ಲ, ಕರ್ನೆಲ್ ಕೂಡ ಇಲ್ಲ. 64 ಬಿಟ್ ಓಡಿಸಬಲ್ಲ ಯಂತ್ರವನ್ನು ತಿಳಿದೂ ತಿಳಿದೂ ಅಲ್ಲಿಗೆ ತಳ್ಳಬೇಡಿ.

ಇಂಥ ತೊಂದರೆ ಬಂದಾಗ ನಾನು ಮೊದಲು ಕೇಳುವ ಪ್ರಶ್ನೆ: ಪರದೆಯ ಮೇಲಿನ ಆ ಸಾಲು ಯಾರ ಮಾತು? ಗ್ರಬ್ ಸೋತಿದ್ದರೆ ಪರದೆಯಲ್ಲಿ ಎಲ್ಲೋ ಒಂದು ಕಡೆ "ಗ್ರಬ್" ಎಂಬ ಪದ ಇರುತ್ತಿತ್ತು. ಕರ್ನೆಲ್ ಸೋತಿದ್ದರೆ ಸಾಲುಗಟ್ಟಲೆ ಗೊಣಗಾಟ ಇರುತ್ತಿತ್ತು. ನೀವು ಬರೆದಿರುವ ಸಾಲು ಬಯೋಸ್‌ನದು. ಡಿಸ್ಕ್‌ನ ಬಾಗಿಲ ತನಕ ಹೋಗಿ, ಒಳಗೆ ಯಾರೂ ಇಲ್ಲ ಎಂದುಕೊಂಡು ಅದು ವಾಪಸ್ ಬಂದಿದೆ. ಆದ್ದರಿಂದ ಡೆಬಿಯನ್ ಅನ್ನು ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡಿ ಪ್ರಯೋಜನವಿಲ್ಲ. ಅದರ ಸರದಿ ಇನ್ನೂ ಬಂದೇ ಇಲ್ಲ.

ನನ್ನ ಅನುಮಾನ ಒಂದಿದೆ. ಇನ್‌ಸ್ಟಾಲ್ ಮಾಡುವಾಗ ಪೆನ್‌ಡ್ರೈವ್ ಎಸ್‌ಡಿಎ ಆಗಿ, ಎಸ್‌ಎಸ್‌ಡಿ ಎಸ್‌ಡಿಬಿ ಆಗಿ ಕೂತುಬಿಡುವುದುಂಟು (ಲಿನಕ್ಸ್ ಡಿಸ್ಕ್‌ಗಳಿಗೆ ಕೊಡುವ ಹೆಸರುಗಳು ಇವು). ಎಸ್‌ಡಿಎ ಮೊದಲನೆಯದು ಎಂದು ಅದನ್ನೇ ಆರಿಸಿದರೆ ಗ್ರಬ್ ಹೋಗಿ ಪೆನ್‌ಡ್ರೈವ್‌ಗೆ ಅಂಟಿಕೊಳ್ಳುತ್ತದೆ. ಆಮೇಲೆ ಪೆನ್‌ಡ್ರೈವ್ ಚುಚ್ಚಿದಾಗ ಮಾತ್ರ ಯಂತ್ರ ಏಳುತ್ತದೆ. ಹಾಗೇನಾದರೂ ಆಗಿದೆಯೇ?

ನಿವೃತ್ತ_ಗಣಿತ · ಸೋಮವಾರ ಬೆಳಿಗ್ಗೆ

ಇಲ್ಲ. ಪೆನ್‌ಡ್ರೈವ್ ಎಸ್‌ಡಿಎ ಆಗಿತ್ತು, ನಿಜ. ನಾನು ಆರಿಸಿದ್ದು ಎಸ್‌ಡಿಬಿ, ನೋಟ್‌ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ. ಅಲ್ಲದೆ ಲ್ಯಾಪ್‌ಟಾಪ್‌ನಲ್ಲಿ ಪೆನ್‌ಡ್ರೈವ್ ಇಲ್ಲದೆಯೇ ಎಸ್‌ಎಸ್‌ಡಿ ಬೂಟ್ ಆಗುತ್ತದಲ್ಲ, ಹಾಗಾದರೆ ಗ್ರಬ್ ಅದರಲ್ಲೇ ಇರಬೇಕು.

ಆದರೆ "ಯಾರ ಮಾತು" ಎಂಬ ನಿಮ್ಮ ಪ್ರಶ್ನೆ ಹಿಡಿಸಿತು.

ಕಪ್ಪುಪರದೆ · ಸೋಮವಾರ ಬೆಳಿಗ್ಗೆ

ಕ್ಷಮಿಸಿ ಮೇಡಂ, ಈ ಬಾರಿ ಪೂರ್ತಿ ಓದಿದ್ದೇನೆ. ಎಸ್‌ಎಸ್‌ಡಿಯಲ್ಲಿ ಇನ್ನೂ ಏನೂ ಇಲ್ಲವಲ್ಲ. ಎಲ್ಲವನ್ನೂ ಅಳಿಸಿ, ಜಿಪಿಟಿ ಬದಲು ಹಳೆಯ ಎಂಬಿಆರ್ ರೀತಿಯಲ್ಲಿ ಪಾರ್ಟಿಷನ್ ಮಾಡಿ ಇನ್‌ಸ್ಟಾಲ್ ಮಾಡಬಹುದು. 2 ಟಿಬಿ ಮೀರಿದ ಡಿಸ್ಕ್‌ಗೆ ಜಿಪಿಟಿ ಬೇಕು, 240 ಜಿಬಿಗೆ ಅಗತ್ಯವೇ ಇಲ್ಲ. ಅರ್ಧ ಗಂಟೆಯ ಕೆಲಸ.

ಬೆಸುಗೆಕಡ್ಡಿ · ಸೋಮವಾರ ಮಧ್ಯಾಹ್ನ

ದಾವಣಗೆರೆಯಲ್ಲಿ ಬಹಳ ವರ್ಷ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದೆ. ಜಿ31, ಜಿ41 ಬೋರ್ಡ್‌ಗಳು ನನ್ನ ಕೈಯಲ್ಲಿ ಎಷ್ಟು ಹೋಗಿವೆಯೋ ಲೆಕ್ಕವಿಲ್ಲ. ತಯಾರಕರ ಹೆಸರು ಬೇಡ. ಅವುಗಳಲ್ಲಿ ಕೆಲವಕ್ಕೆ ಒಂದು ಕೆಟ್ಟ ಚಾಳಿ ಇದೆ, ನಿಮ್ಮದು ಆ ಜಾತಿಯದೇ ಇರಬೇಕು ಎಂದು ಪರೀಕ್ಷೆಗಳ ಪಟ್ಟಿ ಓದಿದ ಕೂಡಲೇ ಅನಿಸಿತು.

ಮೇಲಿನವರು ಹೇಳಿದಂತೆ ಎಂಬಿಆರ್ ಮಾಡಿದರೆ ಕೆಲಸ ಆಗುತ್ತದೆ. ಗಿರಾಕಿ ಕುರ್ಚಿಯಲ್ಲಿ ಕೂತು ಗಡಿಯಾರ ನೋಡುತ್ತಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ನಿಮಗೆ ಕಾರಣ ಬೇಕೆಂದು ತೋರುತ್ತದೆ, ಆದ್ದರಿಂದ ಹೇಳುತ್ತೇನೆ.

ಡಿಸ್ಕ್‌ನ ಮೊಟ್ಟಮೊದಲ ಸೆಕ್ಟರ್ 512 ಬೈಟ್. ಅದರಲ್ಲಿ ಮೊದಲ 446 ಬೈಟ್ ಬೂಟ್ ಮಾಡುವ ಕೋಡ್‌ಗೆ. ಮುಂದಿನ 64 ಬೈಟ್ ನಾಲ್ಕು ಪಾರ್ಟಿಷನ್‌ಗಳ ಪಟ್ಟಿಗೆ, ಒಂದಕ್ಕೆ ಹದಿನಾರರಂತೆ. ಕೊನೆಯ 2 ಬೈಟ್ ಸಹಿ. ಪಟ್ಟಿಯ ಒಂದೊಂದು ನಮೂದಿನ ಮೊದಲ ಬೈಟ್ "ಇದು ಬೂಟ್ ಆಗುವ ಪಾರ್ಟಿಷನ್" ಎಂದು ಹೇಳುವ ಗುರುತು: ಹದಿನಾರರ ಸಂಖ್ಯಾಪದ್ಧತಿಯಲ್ಲಿ 80 ಇದ್ದರೆ ಹೌದು, 00 ಇದ್ದರೆ ಅಲ್ಲ.

ಬಯೋಸ್ ಆದದ್ದು ಕೊನೆಯ ಸಹಿಯನ್ನು ನೋಡಿ, ಕೋಡ್‌ಗೆ ಕೈಕೊಟ್ಟು ಸುಮ್ಮನಿರಬೇಕು. ಗುರುತನ್ನು ನೋಡುವುದು ಅದರ ಕೆಲಸವಲ್ಲ, ಆ ಕೋಡ್‌ನ ಕೆಲಸ. ಆದರೆ ಈ ಬೋರ್ಡ್‌ಗಳ ಬಯೋಸ್ ತಾನೇ ಮುಂದೆ ಬಿದ್ದು ನಾಲ್ಕು ನಮೂದುಗಳಲ್ಲಿ 80 ಇದೆಯೇ ಎಂದು ಹುಡುಕುತ್ತದೆ. ಇಲ್ಲದಿದ್ದರೆ ಡಿಸ್ಕ್ ಖಾಲಿ ಎಂದು ತೀರ್ಮಾನಿಸುತ್ತದೆ. ಮದುವೆ ಮನೆಯ ಬಾಗಿಲಲ್ಲಿ ನಿಂತ ಯಾರೋ ದೂರದ ಸಂಬಂಧಿ ಆಮಂತ್ರಣ ಪತ್ರಿಕೆ ಕೇಳಿದ ಹಾಗೆ.

ಈಗ ಜಿಪಿಟಿಗೆ ಬನ್ನಿ. ಜಿಪಿಟಿಯ ನಿಜವಾದ ಪಟ್ಟಿ ಬೇರೆ ಕಡೆ ಇರುತ್ತದೆ. ಆದರೂ ಹಳೆಯ ಉಪಕರಣಗಳು ಡಿಸ್ಕ್ ಖಾಲಿ ಎಂದು ತಿಳಿದು ಕೆಡಿಸದಿರಲಿ ಎಂದು ಮೊದಲ ಸೆಕ್ಟರ್‌ನಲ್ಲಿ ಒಂದು ಕಾವಲು ನಮೂದನ್ನು ಇಟ್ಟಿರುತ್ತಾರೆ, ಅದರ ನಮೂನೆ "ಇಇ". ಯುಇಎಫ್‌ಐ (ಬಯೋಸ್‌ನ ಜಾಗಕ್ಕೆ ಬಂದ ಹೊಸ ವ್ಯವಸ್ಥೆ) ನಿಯಮದ ಪ್ರಕಾರ ಆ ನಮೂದಿನ ಗುರುತು 00 ಇರಬೇಕು. ಹುಡುಗನ ಲ್ಯಾಪ್‌ಟಾಪ್ ನಿಯಮಕ್ಕೆ ಸರಿಯಾಗಿ 00 ಬರೆದಿದೆ, ನಿಮ್ಮ ಬೋರ್ಡ್ 80 ಕೇಳುತ್ತಿದೆ. ಎಕ್ಸ್‌ಪಿಯ ಡಿಸ್ಕ್ ಎಂಬಿಆರ್ ರೀತಿಯದು, ಅದರಲ್ಲಿ 80 ಇದ್ದೇ ಇರುತ್ತದೆ, ಅದಕ್ಕೇ ಅದು ಏಳುತ್ತಿದೆ.

ಮಾಡಬೇಕಾದ್ದು ಒಂದು ಬೈಟ್ ಬದಲಾವಣೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಮುಂದುವರಿದ ಆಯ್ಕೆಗಳಲ್ಲಿ ರೆಸ್ಕ್ಯೂ ವಿಧಾನಕ್ಕೆ ಹೋಗಿ. ಭಾಷೆ, ನೆಟ್‌ವರ್ಕ್ ಕೇಳಿದ ಮೇಲೆ ರೂಟ್ ಯಾವುದು ಎನ್ನುತ್ತದೆ. ನಿಮ್ಮ ಡೆಬಿಯನ್ ಇರುವ ಪಾರ್ಟಿಷನ್ ಆರಿಸಿ, ಅದರಲ್ಲೇ ಶೆಲ್ (ಆಜ್ಞೆ ಟೈಪ್ ಮಾಡುವ ಪರದೆ) ತೆರೆಯಿರಿ. ಎಸ್‌ಎಸ್‌ಡಿಯ ಅಕ್ಷರ ಯಾವುದೆಂದು ಗಾತ್ರ ನೋಡಿ ಖಚಿತಪಡಿಸಿಕೊಳ್ಳಿ. 240 ಕೊಂಡರೆ ಅಲ್ಲಿ 223ರ ಆಸುಪಾಸು ಕಾಣುತ್ತದೆ. ಅಂಗಡಿಯವರು ಸಾವಿರದ ಲೆಕ್ಕದಲ್ಲಿ ಮಾರುತ್ತಾರೆ, ಪರದೆ 1,024ರ ಲೆಕ್ಕದಲ್ಲಿ ತೋರಿಸುತ್ತದೆ. ನೀವು ಗಣಿತದವರು, ನಿಮಗೆ ಹೇಳಬೇಕಿಲ್ಲ. ಪಾರ್ಟೆಡ್ ಎಂಬ ಪ್ಯಾಕೇಜನ್ನು ಆಪ್ಟ್ (ಡೆಬಿಯನ್‌ಗೆ ತಂತ್ರಾಂಶ ತರಿಸಿಕೊಡುವ ಸಾಧನ) ಮೂಲಕ ಹಾಕಿಕೊಳ್ಳಿ. ಆಮೇಲೆ ಒಂದೇ ಸಾಲಿನಲ್ಲಿ ಐದು ಪದಗಳು: ಪಾರ್ಟೆಡ್, ಡಿಸ್ಕ್‌ನ ವಿಳಾಸ, ಡಿಸ್ಕ್_ಸೆಟ್, ಪಿಎಂಬಿಆರ್_ಬೂಟ್, ಆನ್. ಇಲ್ಲಿ ಉಚ್ಚಾರಣೆಯಂತೆ ಬರೆದಿದ್ದೇನೆ, ನೀವು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಒಂದೊಂದು ಖಾಲಿ ಜಾಗ ಬಿಟ್ಟು ಬರೆಯಿರಿ. ವಿಳಾಸ ಕೊಡುವಾಗ ಇಡೀ ಡಿಸ್ಕ್ ಕೊಡಿ, ಪಾರ್ಟಿಷನ್ ಸಂಖ್ಯೆ ಬೇಡ.

ಒಂದು ಎಚ್ಚರಿಕೆ. ನಿಯಮದ ಪ್ರಕಾರ ಇದು ತಪ್ಪೇ. ಮುಂದೆ ಈ ಎಸ್‌ಎಸ್‌ಡಿಯನ್ನು ಹೊಸ ಯುಇಎಫ್‌ಐ ಯಂತ್ರಕ್ಕೆ ಹಾಕಿದರೆ ಅದು ಮುನಿಸಿಕೊಳ್ಳಬಹುದು. ಆಗ ಇದೇ ಸಾಲಿನಲ್ಲಿ ಆನ್ ಬದಲು ಆಫ್.

ನಿವೃತ್ತ_ಗಣಿತ · ಸೋಮವಾರ ಸಂಜೆ

446 + 64 + 2 = 512. ಕೂಡಿ ನೋಡಿದೆ, ಸರಿಯಿದೆ.

ಎಂಬಿಆರ್ ಸಲಹೆ ಕೊಟ್ಟವರಿಗೂ ಧನ್ಯವಾದ. ಆದರೆ ತಪ್ಪು ಎಲ್ಲಿದೆ ಎಂದು ತಿಳಿಯದೆ ಇಡೀ ಲೆಕ್ಕ ಅಳಿಸಿ ಹೊಸದಾಗಿ ಬರೆಯುವ ಮಕ್ಕಳನ್ನು ಗದರಿಸಿಕೊಂಡೇ ಬಂದವಳು ನಾನು, ಈಗ ಅದನ್ನೇ ಮಾಡಲು ಕೈ ಬರುವುದಿಲ್ಲ.

ರೆಸ್ಕ್ಯೂ ವಿಧಾನಕ್ಕೆ ಹೋದೆ. ಬದಲಿಸುವ ಮುಂಚೆ 446ನೇ ಬೈಟ್‌ನಿಂದ ಹದಿನಾರು ಬೈಟ್ ತೋರಿಸುವಂತೆ ಒಂದು ಆಜ್ಞೆ ಕೊಟ್ಟು ನೋಡಿದೆ (ಅಕ್ಕನ ಮಗನಿಗೆ ಫೋನ್ ಮಾಡಿ ಕೇಳಿ ಬರೆದುಕೊಂಡದ್ದು). ಮೊದಲನೆಯದು 00, ಐದನೆಯದು ಇಇ. ನೀವು ಹೇಳಿದಂತೆಯೇ. ಇಷ್ಟು ದೂರದಿಂದ ಡಬ್ಬದ ಒಳಗಿನ ಒಂದು ಬೈಟ್ ಹೇಳಿದಿರಲ್ಲ ಎಂದು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಆದರೆ ಪಾರ್ಟೆಡ್ ಬರುತ್ತಿಲ್ಲ. ನೆಟ್‌ವರ್ಕ್ ಇದೆ, ಸರ್ವರ್ ಸಿಗುತ್ತಿದೆ. ಆಪ್ಟ್ ಪಟ್ಟಿಯನ್ನು ನವೀಕರಿಸಲು ಹೋದರೆ, ರಿಲೀಸ್ ಕಡತ ಇನ್ನೂ ಜಾರಿಗೆ ಬಂದಿಲ್ಲ, ಇನ್ನೂ ಆರು ಸಾವಿರಕ್ಕೂ ಹೆಚ್ಚು ದಿನ ಕಾಯಬೇಕು ಎನ್ನುತ್ತದೆ.

ಆರು ಸಾವಿರವನ್ನು 365ರಿಂದ ಭಾಗಿಸಿದೆ. ಹದಿನಾರು ವರ್ಷ, ಚಿಲ್ಲರೆ. ಈ ಯಂತ್ರ ಕೊಂಡ ಕಾಲಕ್ಕೆ ಸರಿಹೋಗುತ್ತದೆ. ದಿನಾಂಕ ಕೇಳಿದರೆ 2009ರ ಜನವರಿ 1 ಎಂದಿತು. ಯಂತ್ರ ಇನ್ನೂ ಹುಟ್ಟಿದ ವರ್ಷದಲ್ಲೇ ಕೂತಿದೆ. ಆದರೆ ಇನ್‌ಸ್ಟಾಲ್ ಮಾಡುವಾಗ ಈ ತಕರಾರು ಏಕೆ ಬರಲಿಲ್ಲ?

ಅರೆಕಾಲಿಕ_ಅಡ್ಮಿನ್ · ಸೋಮವಾರ ಸಂಜೆ

ಇನ್‌ಸ್ಟಾಲ್ ಮಾಡುವಾಗ ಅದು ಇಂಟರ್ನೆಟ್‌ನಿಂದ ಸಮಯ ಕೇಳಿ ಗಡಿಯಾರ ಸರಿಪಡಿಸಿಕೊಂಡಿರುತ್ತದೆ. ಆಮೇಲೆ ನೀವು ಗೋಡೆಯ ಸ್ವಿಚ್ ಆರಿಸಿದ್ದೀರಿ. ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ ಸತ್ತಿದ್ದರೆ, ಸ್ವಿಚ್ ಆರಿಸಿದ ಕ್ಷಣವೇ ಗಡಿಯಾರವೂ ಬಯೋಸ್ ಆಯ್ಕೆಗಳೂ ಮರೆತುಹೋಗುತ್ತವೆ. ಆಪ್ಟ್ ಹಟಮಾರಿಯಲ್ಲ: ಭವಿಷ್ಯದ ದಿನಾಂಕದ ಸಹಿ ಇರುವ ಪಟ್ಟಿಯನ್ನು ನಂಬುವುದಿಲ್ಲ, ಅಷ್ಟೆ.

ಬೆಳಿಗ್ಗೆ ಯಂತ್ರ ಹಚ್ಚಿದಾಗ ಬ್ಯಾಟರಿಯ ಬಗ್ಗೆ ಏನಾದರೂ ಸಂದೇಶ ಬರುತ್ತದೆಯೇ?

ನಿವೃತ್ತ_ಗಣಿತ · ಸೋಮವಾರ ರಾತ್ರಿ

ಬರುತ್ತದೆ. ಬಹಳ ದಿನದಿಂದ ಬರುತ್ತಿದೆ. ನಾನು ಓದದೆ ಕೀಲಿ ಒತ್ತಿ ಮುಂದೆ ಹೋಗುತ್ತಿದ್ದೆ. ಕಪ್ಪುಪರದೆಯವರೇ, ಹತ್ತನೇ ತರಗತಿಯ ಮಾತನ್ನು ಹಿಂದಕ್ಕೆ ಪಡೆದಿದ್ದೇನೆ.

ಎಫ್2 ಒತ್ತಿ ಬಯೋಸ್‌ನಲ್ಲಿ ದಿನಾಂಕ, ಸಮಯ ಸರಿ ಮಾಡಿದೆ. ಸ್ವಿಚ್ ಆರಿಸದೆ ನೇರವಾಗಿ ರೆಸ್ಕ್ಯೂಗೆ ಹೋದೆ. ಈ ಬಾರಿ ಪಾರ್ಟೆಡ್ ತಕರಾರಿಲ್ಲದೆ ಬಂದಿತು. ಐದು ಪದಗಳ ಸಾಲು ಬರೆದೆ, ಎಂಟರ್ ಒತ್ತುವ ಮುಂಚೆ ಡಿಸ್ಕ್‌ನ ಅಕ್ಷರವನ್ನು ಮೂರು ಸಲ ನೋಡಿದೆ. ಎಫ್‌ಎಸ್‌ಟ್ಯಾಬ್ ಕಡತವನ್ನು ಬದಲಿಸಬೇಕಾಗಬಹುದು ಎಂದು ಒಂದು ಸಾಲು ಬಂದಿತು. ಅದು ಏನು? ಬದಲಿಸಬೇಕೇ? ಇದಕ್ಕೆ ಉತ್ತರ ಬರುವ ತನಕ ರೀಸ್ಟಾರ್ಟ್ ಮಾಡುವುದಿಲ್ಲ.

ಬೆಸುಗೆಕಡ್ಡಿ · ಸೋಮವಾರ ರಾತ್ರಿ

ಬೇಡ. ಪಾರ್ಟೆಡ್ ಏನು ಮಾಡಿದರೂ ಕೊನೆಗೆ ಆ ಮಾತು ಹೇಳಿಯೇ ಹೋಗುತ್ತದೆ. ಎಫ್‌ಎಸ್‌ಟ್ಯಾಬ್ ಎಂದರೆ ಯಾವ ಪಾರ್ಟಿಷನ್ ಎಲ್ಲಿ ಜೋಡಿಸಬೇಕು ಎಂದು ಬರೆದಿಟ್ಟ ಪಟ್ಟಿ, ನೀವು ಪಾರ್ಟಿಷನ್‌ಗಳನ್ನು ಮುಟ್ಟಿಲ್ಲ. ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿ.

ನಿವೃತ್ತ_ಗಣಿತ · ಸೋಮವಾರ ರಾತ್ರಿ

ಬಂದಿತು. ಗ್ರಬ್‌ನ ನೀಲಿ ಪಟ್ಟಿ, ಆಮೇಲೆ ಲಾಗಿನ್ ಪರದೆ. 446ನೇ ಬೈಟ್ ಈಗ 80. ಮತ್ತೆ ಎರಡು ಬಾರಿ ರೀಸ್ಟಾರ್ಟ್ ಮಾಡಿ ನೋಡಿದೆ, ಮತ್ತೆ ಎರಡು ಬಾರಿಯೂ ಬಂದಿತು.

ಅರೆಕಾಲಿಕ_ಅಡ್ಮಿನ್ · ಮಂಗಳವಾರ ಬೆಳಿಗ್ಗೆ

ಸಂತೋಷ. ಬ್ಯಾಟರಿಯ ಹೆಸರು ಸಿಆರ್2032, 3 ವೋಲ್ಟ್, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಹಾಕುವಾಗ ಸ್ವಿಚ್ ಆರಿಸಿ, ವಯರ್ ಕಿತ್ತಿಟ್ಟು, ಕೂಡಿಸುವ ಚಿಹ್ನೆ ಮೇಲೆ ಬರುವಂತೆ ಕೂರಿಸಿ. ಆಮೇಲೆ ಬಯೋಸ್‌ನಲ್ಲಿ ಬೂಟ್ ಕ್ರಮವನ್ನೂ ಒಮ್ಮೆ ನೋಡಿಕೊಳ್ಳಿ. ಗೋಡೆಯ ಸ್ವಿಚ್ ಸದಾ ಹಚ್ಚಿಟ್ಟರೆ ಬ್ಯಾಟರಿ ಹೆಚ್ಚು ದಿನ ಬರುತ್ತದೆ.

ಕನ್ನಡ ಟೈಪಿಂಗ್‌ಗೆ ಹೊಸದೇನೂ ಹಾಕಬೇಕಿಲ್ಲ. ಕೀಲಿಮಣೆಯ ಸೆಟ್ಟಿಂಗ್‌ನಲ್ಲಿ ಭಾರತದ ವಿನ್ಯಾಸಗಳ ನಡುವೆ "ಕನ್ನಡ, ಕಗಪ" ಎಂಬುದನ್ನು ಸೇರಿಸಿ. ನುಡಿ ಬಳಸಿದ್ದರೆ ಕೈ ತಾನಾಗಿ ಓಡುತ್ತದೆ. 2 ಜಿಬಿ ಮೆಮೊರಿಗೆ ಎಕ್ಸ್‌ಎಫ್‌ಸಿಇ (ಹಗುರವಾದ ಡೆಸ್ಕ್‌ಟಾಪ್ ಪರದೆ) ಮತ್ತು ಲಿಬ್ರೆ ಆಫೀಸ್ ಭಾರವಾಗುವುದಿಲ್ಲ, ಬ್ರೌಸರ್‌ನಲ್ಲಿ ಮಾತ್ರ ಹತ್ತು ಪುಟ ತೆರೆದಿಡಬೇಡಿ. ಎಕ್ಸ್‌ಪಿಯಲ್ಲಿ ಹಳೆಯ ನುಡಿ ಅಕ್ಷರಗಳಲ್ಲಿ ಟೈಪ್ ಮಾಡಿದ ಕಡತಗಳಿದ್ದರೆ ಅವು ಇಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ, ಗಾಬರಿ ಬೇಡ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ.

ನಿವೃತ್ತ_ಗಣಿತ · ಬುಧವಾರ ಸಂಜೆ

ಬ್ಯಾಟರಿ ಹಾಕಿದೆ. ರಾತ್ರಿಯಿಡೀ ಸ್ವಿಚ್ ಆರಿಸಿಟ್ಟು ಬೆಳಿಗ್ಗೆ ಹಚ್ಚಿದೆ, ದಿನಾಂಕ ಸರಿಯಾಗಿತ್ತು. ಸ್ವಿಚ್ ಹಚ್ಚಿಡುವ ಸಲಹೆ ಮಾತ್ರ ನಮ್ಮ ಮನೆಯಲ್ಲಿ ನಡೆಯದು. ಮುಂಗಾರಿಗೆ ಮುಂಚಿನ ಸಿಡಿಲಿಗೆ ಎರಡು ಮೋಡೆಮ್, ಒಂದು ಟಿ.ವಿ. ಸುಟ್ಟಿವೆ. ಗುಡುಗು ಕೇಳಿದರೆ ವಯರನ್ನೂ ಕಿತ್ತಿಡುವವರು ನಾವು. ಬ್ಯಾಟರಿ ಮತ್ತೊಂದು ಕೊಂಡಿಟ್ಟುಕೊಂಡಿದ್ದೇನೆ.

ಕಗಪ ಸಿಕ್ಕಿತು. ಮೊದಲ ನೋಟ್‌ಪುಸ್ತಕದಲ್ಲಿ ಒಂಬತ್ತು ಪುಟ ಆಯಿತು. ಅತ್ತೆಯವರು ಕೆಲವು ಸಾಲುಗಳ ಮುಂದೆ "ಎರಡು ಸಲ" ಎಂದು ಬರೆದಿದ್ದಾರೆ, ಕೆಲವು ಕಡೆ ಬರೀ ಗೀಟು ಎಳೆದಿದ್ದಾರೆ. ಗೀಟು ಎಂದರೆ ಎರಡು ಸಲವೋ ಮೂರು ಸಲವೋ, ಅದನ್ನು ನೀವು ಯಾರೂ ಹೇಳಲಾರಿರಿ. ನಾಳೆ ಮೇಲಿನ ಮನೆಯ ದೊಡ್ಡಮ್ಮನನ್ನು ಕೇಳಿ ಬರುತ್ತೇನೆ.